ಮಾವನವರ ಟ್ರ್ಯಾಕ್ಟರ್, ನನ್ನ ಕಾರ್ಬೊರೇಟರ್ ಪಾಂಡಿತ್ಯ

"ಈ ಸಲದ ಆಯುಧಪೂಜೆಗೆ ಟ್ರ್ಯಾಕ್ಟರ್ ತಾನಾಗೇ ಓಡಿ ನಿಂಬೆಹಣ್ಣು ಹತ್ತಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಮಾವನವರ ಅಂಗಳದಲ್ಲಿ ತೋಳೇರಿಸಿ ಘೋಷಿಸಿದವನು ನಾನೇ. ವಿಮಾನ ಕಾರ್ಖಾನೆಯವನಿಗೆ ಕರುವಿನಷ್ಟೆತ್ತರದ ಟ್ರ್ಯಾಕ್ಟರಿನ ಕಾರ್ಬೊರೇಟರ್ ಯಾವ ಲೆಕ್ಕ? ಕಾರ್ಖಾನೆಯಲ್ಲಿ ನನ್ನ ಕೆಲಸ ಸ್ಟೋರ್ಸ್ ಕಿಟಕಿಯಲ್ಲಿ ಕೂತು ಚೀಟಿ ನೋಡಿ ಬೋಲ್ಟು ಕೊಡುವುದು, ನಿಜ. ಆದರೆ ಆ ಚಿಲ್ಲರೆ ವಿವರವನ್ನು ಕೆ.ಆರ್. ಪುರದ ಮಾವನ ಮನೆಗೆ ತಿಳಿಸುವ ಸಂದರ್ಭ ಮದುವೆಯಾಗಿ ಎಂಟು ವರ್ಷವಾದರೂ ಒದಗಿಬಂದಿರಲಿಲ್ಲ.

ಮಾವ ಮುನಿಆಂಜನಪ್ಪನವರು ಈ ಪೆಟ್ರೋಲ್ ಟ್ರ್ಯಾಕ್ಟರನ್ನು ಫ್ರೇಜರ್ ಟೌನಿನ ಬಂಗಲೆಯೊಂದರ ಹರಾಜಿನಲ್ಲಿ ಕೊಂಡು ದ್ರಾಕ್ಷಿ ತೋಟ ಉತ್ತವರು. ತೋಟವೆಲ್ಲ ಸೈಟುಗಳಾದ ಮೇಲೂ, ಉಳಿದ ನಾಲ್ಕು ಗುಂಟೆ ಕನಕಾಂಬರಕ್ಕೆ ಅವರಿಗೆ ಇದೇ ಬೇಕು. ಒಂದು ವರ್ಷದಿಂದ ಅದಕ್ಕೊಂದು ರೋಗ. ಸ್ಟಾರ್ಟ್ ಆಗುತ್ತದೆ, ಐದು ನಿಮಿಷ ಓಡುತ್ತದೆ, ಕೆಮ್ಮಿ ನಿಂತುಬಿಡುತ್ತದೆ. ನನ್ನ ಬಾಮೈದ ಆನಂದ್ ತೀರ್ಪು ಕೊಟ್ಟಾಗಿತ್ತು.

"ಭಾವ, ಇವತ್ತು ಪೂಜೆ ಹೊತ್ತಿಗೆ ಓಡ್ಲಿಲ್ವಾ, ನಾಳೆ ಶಿವಾಜಿನಗರದ ಗುಜರಿಯವ್ರ ಲಾರಿ ಬರುತ್ತೆ."

ಮಾವ ಹೆಗಲ ಟವೆಲ್ಲಿನಿಂದ ಸೀಟು ಒರೆಸುತ್ತ ನನ್ನ ಮುಖ ನೋಡಿದರು.

"ಕಾರ್ಬೊರೇಟರಲ್ಲಿ ಕಸ ಕೂತಿದೆ" ಎಂದು ನಾಡಿ ಹಿಡಿದ ವೈದ್ಯನ ಠೀವಿಯಲ್ಲಿ ಹೇಳಿ ಸ್ಪ್ಯಾನರ್ ಎತ್ತಿದೆ.

"ರೀ, ಬಿಚ್ಚಿದ್ದನ್ನ ವಾಪಸ್ ಹಾಕೋಕೆ ಬರುತ್ತಾ?" ಎಂದಳು ಹೆಂಡತಿ ರಮ್ಯ.

"ವಿಮಾನದ ಇಂಜಿನ್ನೇ ನೋಡಿದವನು ಕಣೇ ನಾನು."

"ನೋಡೋಕೆ ನಾನೂ ನೋಡಿದೀನಿ, ಏರ್ ಶೋನಲ್ಲಿ."

ಅಸೂಯೆಯ ಮಾತಿಗೆ ಕಿವಿಗೊಡದೆ ಬಿಚ್ಚಿದೆ. ಒಳಗೆ ಪೆಟ್ರೋಲನ್ನು ಅಳತೆಮಾಡಿ ಬಿಡುವ ಜೆಟ್ ಎಂಬ ಗೋಧಿಕಾಳಿನಷ್ಟು ಹಿತ್ತಾಳೆ ತುಂಡು ಇತ್ತು. ಅದರ ತೂತಿಗೆ ಉಸಿರು ಕಟ್ಟಿ ಊದಿದೆ. ಜೆಟ್ ಕೈಜಾರಿ ಹಾರಿತು. ಹಾರಿ ಬಿದ್ದದ್ದು ಪೂಜೆಗೆಂದು ಚಾಪೆಯ ಮೇಲೆ ಸುರಿದಿದ್ದ ಮೂಟೆ ಕಡ್ಲೆಪುರಿಯೊಳಗೆ. ಮುಂದಿನ ಒಂದು ಗಂಟೆ ಇಡೀ ಮನೆ ಮೊರ ಹಿಡಿದು ಪುರಿ ಕೇರಿತು. ಜೆಟ್ ಸಿಕ್ಕಿತು, ಪುರಿಗೆಲ್ಲ ಪೆಟ್ರೋಲ್ ವಾಸನೆ ಹತ್ತಿತು.

ಆನಂದ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಭಾವ, ಇದನ್ನ ತಿಂದವ್ರು ಬೀಡಿ ಹಚ್ಚೋ ಹಾಗಿಲ್ಲ" ಎಂದ.

ಜೋಡಿಸಿ ಹಗ್ಗ ಎಳೆದೆ. ಡಬಡಬನೆ ಶುರುವಾಯಿತು! ಮಾವ ಮದುವೆ ಗಂಡಿನಂತೆ ಏರಿ ಕೂತರು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆಯುವಷ್ಟರಲ್ಲಿ ಐದು ನಿಮಿಷ ಮುಗಿದಿತ್ತು. ಇನ್ನೇನು ಚಕ್ರ ನಿಂಬೆಹಣ್ಣಿಗೆ ತಾಗಬೇಕು, ಕೆಮ್ಮಿ ನಿಂತಿತು. ಮತ್ತೆ ಬಿಚ್ಚಿದೆ, ತೊಳೆದೆ, ಹಾಕಿದೆ. ಮತ್ತೆ ಐದೇ ನಿಮಿಷ. ಮಾವ ನಿಧಾನವಾಗಿ ಇಳಿದು ಜಗಲಿಯ ಮೇಲೆ ಕೂತರು. ಆನಂದ್ ಗುಜರಿಯವರಿಗೆ ಹೇಳಲು ಫೋನಿನತ್ತ ಹೋದ.

ಪೆಟ್ರೋಲಾದರೂ ಇದೆಯೋ ಇಲ್ಲವೋ ಎಂದು ರಮ್ಯ ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ಸುಯ್ಯೆಂದು ಗಾಳಿ ಒಳಗೆ ನುಗ್ಗಿತು.

"ರೀ, ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದ್ರೆ ಎಣ್ಣೆ ಬೀಳುತ್ತಾ?"

"ಎಲ್ಲಿ ಬೀಳುತ್ತೆ? ಗಾಳಿಗೆ ಇನ್ನೊಂದು ತೂತು ಬೇಕಲ್ಲ."

"ಇದ್ರದ್ದು ಇನ್ನೊಂದೆಲ್ಲಿ?"

ಮುಚ್ಚಳ ನೋಡಿದೆ. ನಡುವೆ ಸಾಸಿವೆಯಷ್ಟು ತೂತು, ಅದರ ತುಂಬ ಕಲ್ಲಾಗಿ ಕೂತ ಅರಿಶಿನ ಕುಂಕುಮ. ಗಾಳಿ ಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ. ಎರಡು ಸಲ ಬಿಚ್ಚಿಸಿಕೊಂಡ ಕಾರ್ಬೊರೇಟರ್ ಪಾಪ, ನಿರಪರಾಧಿ. ರಮ್ಯ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಚುಚ್ಚಿದಳು, ಅಷ್ಟೇ. ಟ್ರ್ಯಾಕ್ಟರ್ ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿ ಮಾಡಿ, ಮಾವನನ್ನು ಹೊತ್ತು ಬೀದಿಯ ಕೊನೆಯವರೆಗೆ ಹೋಗಿ ನಿಲ್ಲದೆ ಬಂತು. ಅವರ ಕಣ್ಣು ತುಂಬಿತ್ತು, ನನ್ನದೂ. ಆನಂದ್ ಫೋನಿಟ್ಟು, "ಗುಜರಿಯವ್ರಿಗೆ ಬರ್ಬೇಡಿ ಅಂದೆ" ಎಂದ. ನಂತರ ಮೆಲ್ಲಗೆ ಕೇಳಿದ, "ಅಲ್ಲ, ಹೋದ ವರ್ಷ ಇದಕ್ಕೆ ಬೊಟ್ಟಿಟ್ಟಿದ್ದು ಯಾರು?"

ಈ ಮನೆಯಲ್ಲಿ ಗಾಡಿಗಳಿಗೆ ಬೊಟ್ಟಿಡುವುದು ಹಿರಿಯ ಅಳಿಯನ ಹಕ್ಕು. ಎಲ್ಲರೂ ಹಿರಿಯ ಅಳಿಯನನ್ನು ನೋಡಿದರು. ಹಿರಿಯ ಅಳಿಯ ನೆಲ ನೋಡಿದ.

ಉಳಿದಷ್ಟು ಮರ್ಯಾದೆ ಕಾಪಾಡಿಕೊಳ್ಳಲು ಕುಂಕುಮದ ತಟ್ಟೆ ಎತ್ತಿಕೊಂಡು ಆನಂದನ ಬೈಕಿನತ್ತ ಹೊರಟೆ. ರಮ್ಯ ತಟ್ಟೆ ಕಿತ್ತುಕೊಂಡು, ನನ್ನ ಹಣೆಗೆ ಢಾಳಾಗಿ ಒಂದು ಬೊಟ್ಟಿಟ್ಟಳು.

"ಇಲ್ಲಿಗಾದ್ರೆ ಎಷ್ಟು ಬೇಕಾದ್ರೂ ಮೆತ್ತಬಹುದು ರೀ. ನಿಂತುಹೋಗೋಕೆ ಒಳಗೆ ಏನೂ ಓಡ್ತಿಲ್ವಲ್ಲ."