ಅಟ್ಟದಿಂದಿಳಿದ ಮ್ಯೂಸಿಯಂ

ನಮ್ಮ ಚಿಕ್ಕಪ್ಪನಿಗೆ ತಲೆ ಕೆಟ್ಟಿತ್ತೆಂದು ನಾನು ಹೇಳುವುದಿಲ್ಲ. ಹೇಳುವವರು ನೊಣವಿನಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನ ತುಂಬ ಇದ್ದರು! ಎಪ್ಪತ್ತರ ದಶಕದಲ್ಲಿ ಒಬ್ಬ ಸಿನಿಮಾ ನಿರ್ದೇಶಕರಿಗಾಗಿ, ಅದೂ ಕೊಬ್ಬರಿ ಅಟ್ಟದ ಮೇಲೆ, ಮ್ಯೂಸಿಯಂ ಮಾಡಿದವರು ಬೇರೆ ಯಾರಿದ್ದಾರೆ ಹೇಳಿ?

ಆ ನಿರ್ದೇಶಕರು ನಮ್ಮ ತೋಟದಲ್ಲಿ ಮೂರು ದಿನ ಶೂಟಿಂಗ್ ಮಾಡಿದ್ದೇ ಇದಕ್ಕೆಲ್ಲ ಕಾರಣ. ಅವರು ಕೂತಿದ್ದ ಮುರುಕು ಕುರ್ಚಿ, ಮರೆತುಹೋದ ಟೋಪಿ, ಕಾಫಿ ಕುಡಿದ ಲೋಟ ಎಲ್ಲವೂ ಅಟ್ಟ ಹತ್ತಿದವು. ಲೋಟ ತೊಳೆಯಕೂಡದೆಂದು ಕಟ್ಟಪ್ಪಣೆಯಾಯಿತು. ಅಷ್ಟರಲ್ಲಿ ಚಿಕ್ಕಮ್ಮ ಅದನ್ನು ಹುಣಸೆಹಣ್ಣು ಹಾಕಿ ಬೆಳಗಿಬಿಟ್ಟಿದ್ದರು! ಎಲ್ಲಕ್ಕಿಂತ ದೊಡ್ಡ ಆಸ್ತಿ ಒಂದು ತೆಂಗಿನಕಾಯಿ. ದೃಶ್ಯ ಹೊಳೆಯದೆ ನಿರ್ದೇಶಕರು ಇಡೀ ಮಧ್ಯಾಹ್ನ ಅದನ್ನು ಕೈಯಿಂದ ಕೈಗೆ ಹಾಕಿಕೊಂಡು ಕೂತಿದ್ದರಂತೆ. ಚಿಕ್ಕಪ್ಪ ಈ ಕಥೆಯನ್ನು ಬಂದವರಿಗೆಲ್ಲ ಗದ್ಗದಿತರಾಗಿ ಹೇಳುವರು. ಬಂದವರು ಕಾಯಿಯ ರೇಟು ವಿಚಾರಿಸಿ ಏಣಿ ಇಳಿಯುವರು.

ಹಾಗೆಂದು ಚಿಕ್ಕಪ್ಪ ದಡ್ಡರಲ್ಲ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿ ಕೊಬ್ಬರಿಯಾಗಲು ಇನ್ನೆಷ್ಟು ತಿಂಗಳು ಬೇಕೆಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಮಂಡಿಯವರೂ ಆ ಕಿವಿಯನ್ನು ನಂಬುತ್ತಿದ್ದರು.

ಮರುವರ್ಷ ಹೊಸ ಕಾಯಿಗೆ ಅಟ್ಟದಲ್ಲಿ ಜಾಗ ಸಾಲಲಿಲ್ಲ. ಮ್ಯೂಸಿಯಂ ಇಳಿಸದಿದ್ದರೆ ತಾವೇ ತವರಿಗೆ ಹೊರಡುವುದಾಗಿ ಚಿಕ್ಕಮ್ಮ ಹಟ ಹಿಡಿದರು. ಸರಿ, ತೋಟದ ಪಂಪ್‌ಹೌಸಿಗೆ ಸ್ಥಳಾಂತರ! ಚಿಕ್ಕಪ್ಪ ಟೋಪಿಯನ್ನು ಹರಿವಾಣದಲ್ಲಿಟ್ಟುಕೊಂಡು ಮುಂದೆ ನಡೆದರು. ಕುರ್ಚಿ, ಲೋಟ ಗಾಡಿಯಲ್ಲಿ ಹಿಂದೆ ಬಂದವು. ಕಾಯಿಯನ್ನು ಕೊನೆಗೆ ತಾವೇ ಬಂದು ಒಯ್ಯುವೆನೆಂದು ಅಟ್ಟದಲ್ಲೇ ಬಿಟ್ಟಿದ್ದರು. ಅಟ್ಟದಲ್ಲಿ ಹಳೆ ಕಾಯಿ ಇಳಿಸುತ್ತಿದ್ದ ಆಳುಗಳು ಮೂಲೆಯಲ್ಲಿ ಒಂಟಿ ಕಾಯಿ ಕಂಡರೆ ಬಿಡುವರೇ? ಸುಲಿದು, ಒಡೆದು, ಕೊಬ್ಬರಿಯನ್ನು ಚೀಲಕ್ಕೆ ತುಂಬಿದರು. ಚೀಲ ತಿಪಟೂರಿನ ಮಂಡಿ ಸೇರಿತು. ಈ ಸಂಗತಿ ತಿಳಿದದ್ದು ಚಿಕ್ಕಮ್ಮನಿಗೆ, ನನಗೆ ಮಾತ್ರ.

ಚಿಕ್ಕಪ್ಪ ಮೂರು ದಿನ ಹುಡುಕಿದರು. ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಕಾಯಿ ಸಿಗದಿದ್ದರೆ ಮ್ಯೂಸಿಯಮ್ಮಿನ ಬಾಗಿಲು ಹಾಕುವುದಾಗಿ ಹೇಳಿದರು. ಅವತ್ತು ಚಿಕ್ಕಮ್ಮ ಸೆರಗಿನಲ್ಲಿ ಒಂದು ಕಾಯಿ ಮುಚ್ಚಿಕೊಂಡು ಪಂಪ್‌ಹೌಸಿಗೆ ಬಂದರು.

"ಒಲೆ ಹಿಂದಕ್ಕೆ ಉರುಳೋಗಿತ್ತು ಕಣ್ರೀ," ಎಂದರು.

ಚಿಕ್ಕಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಕುಲುಕಿದ್ದು ಪಕ್ಕದಲ್ಲಿದ್ದ ನನಗೇ ಕೇಳಿಸಿತು. ವರ್ಷ ದಾಟಿದ ಕಾಯಿಯಲ್ಲಿ ಎಲ್ಲಿಯ ನೀರು? ಚಿಕ್ಕಪ್ಪ ಹೆಂಡತಿಯ ಮುಖವನ್ನೇ ನೋಡಿದರು.

"ಇದೇ ಕಣೇ," ಎಂದರು. "ದನಿ ಕೇಳುದ್ರೆ ಗೊತ್ತಾಗಲ್ವಾ?"

ಆಮೇಲೆ ಮನೆಗೆ ಬಂದು ಎರಡು ಮುದ್ದೆ ಉಂಡರು. ಅಂಥ ಮನುಷ್ಯನ ಅಣ್ಣನ ಮಗನೆಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ. ಮ್ಯೂಸಿಯಂ ನೋಡಲು ಬಂದವರು ಕುರ್ಚಿಯ ಮೇಲೆ ಕೂತರೂ, ಟೋಪಿ ಹಾಕಿಕೊಂಡರೂ ಚಿಕ್ಕಪ್ಪ ಸುಮ್ಮನಿರುತ್ತಿದ್ದರು. ಆ ಕಾಯಿಯನ್ನು ಮಾತ್ರ ಯಾರಿಗೂ ಅಲ್ಲಾಡಿಸಲು ಬಿಡುತ್ತಿರಲಿಲ್ಲ.