‘ಈ’ ಎನ್ನಲು ಕಲಿತ ಪೆಟ್ಟಿಗೆ

ಶ್ರಾವಣಿ, ಸಮರ್ಥ, ನಿಮ್ಮ ಸಣ್ಣಜ್ಜ ಐವತ್ತೆಂಟನೆಯ ವಯಸ್ಸಿನಲ್ಲಿ ಒಂದು ಪೆಟ್ಟಿಗೆಗೆ ಸ್ವರಾಕ್ಷರ ಕಲಿಸಲು ಹೊರಟ ಎಂದರೆ ನಂಬುತ್ತೀರಾ? ಪೆಟ್ಟಿಗೆಗಿಂತ ಮೊದಲು ನಮ್ಮ ಓಣಿಯ ನಾಯಿಗಳು ಕಲಿತವು!

ಸಣ್ಣಜ್ಜ ಎಂದರೆ ನಿಮ್ಮ ಅಜ್ಜನ ತಮ್ಮ, ನನ್ನ ಮೈದುನ; ಅತ್ತಿಗೆಯಾದ ನನ್ನನ್ನು ‘ವೈನಿ’ ಎನ್ನುತ್ತಾನೆ. ಇಚಲಕರಂಜಿಯಲ್ಲಿ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವ ಜಾಬರ್ ಆಗಿ ಮೂವತ್ತೈದು ವರ್ಷ ದುಡಿದ. ಹೊಸ ಬಗೆಯ ಮಗ್ಗಗಳು ಬಂದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಆಗಲೇ ಒಂದು ಮದುವೆಯ ಮೆರವಣಿಗೆ ಡಿಜೆ ಬಾರಿಸುತ್ತ ನಮ್ಮ ಓಣಿಗೆ ಬಂತು. ಎಲ್ಲರೂ ಕಿವಿ ಮುಚ್ಚಿಕೊಂಡರೆ ಇವನು ಸ್ಪೀಕರಿನ ಮುಂದೆ ಎದೆಗೆ ಕೈ ಹಚ್ಚಿ ನಿಂತ. ಒಳಗೆ ಬಂದವನ ಮುಖ ಗಂಟಿಕ್ಕಿತ್ತು.

“ವೈನಿ, ಇದು ಬರೇ ಗುಂಯ್ ಅಂತೈತಿ. ಬೇಸ್, ಅಂದ್ರ ಈ ದಪ್ಪ ಧ್ವನಿ, ಮನಷ್ಯಾನಂಗ ಬಾಯಿ ತೆಗದು ಮಾತಾಡಬೇಕು.”

ಮರುವಾರ ಕೊಲ್ಲಾಪುರದಿಂದ ಹಳೆಯ ಕಂಪ್ಯೂಟರ್, ಧ್ವನಿ ಹುಟ್ಟಿಸುವ, ಮೈತುಂಬ ಗುಂಡಿಗಳಿರುವ ಸಿಂಥ್ ಎಂಬ ಪೆಟ್ಟಿಗೆ, ಬಟ್ಟೆಯ ಬೀರುವಿನಷ್ಟೆತ್ತರದ ಎರಡು ಸ್ಪೀಕರುಗಳು ಬಂದವು. ಬೀರು ಹೊರಗೆ ಹೋಯಿತು.

ಅವನ ವಿದ್ಯೆ ನನಗೆ ತಿಳಿದಷ್ಟು ಹೇಳುತ್ತೇನೆ. ಮೊದಲು ದಪ್ಪನೆಯ, ಗರಗರ ಎನ್ನುವ ಧ್ವನಿ ಹುಟ್ಟಿಸಬೇಕು. ಧ್ವನಿ ನುಣ್ಣಗಿದ್ದರೆ ಅದರಿಂದ ಅಕ್ಷರ ಕೆತ್ತಲಾಗದು. ಆಮೇಲೆ ಅದರ ಎರಡು ಜಾಗಗಳನ್ನು ಮಾತ್ರ ಎತ್ತಿ ಉಳಿದದ್ದನ್ನು ಅದುಮಬೇಕು. ಬಾಯಿ ಎಷ್ಟು ತೆರೆದಿದೆ ಎನ್ನುವುದಕ್ಕೆ ಒಂದು ಗುಂಡಿ, ನಾಲಿಗೆ ಎಷ್ಟು ಮುಂದೆ ಬಂದಿದೆ ಎನ್ನುವುದಕ್ಕೆ ಇನ್ನೊಂದು. ಎರಡೂ ಸರಿಯಾಗಿ ಕೂತರೆ ‘ಆ’. ತಪ್ಪಿದರೆ ಎಮ್ಮೆ!

ಬಹಳ ದಿನ ಎಮ್ಮೆಯೇ ಬಂತು. ಕೊನೆಗೆ ಮಾದರಿಗೆಂದು ನನ್ನನ್ನು ಮೈಕಿನ ಮುಂದೆ ಕೂರಿಸಿದ. ಗಡಹಿಂಗ್ಲಜ ಕಡೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತವಳಲ್ಲವೇ, ನನ್ನ ಸ್ವರ ಶುದ್ಧವಂತೆ! ನಾನೋ, ನಿಮ್ಮ ಅಜ್ಜನ ಮುಂದೆಯೂ ಜೋರಾಗಿ ಮಾತಾಡಿದವಳಲ್ಲ. ಬಾಯಿಗೆ ಸೆರಗು ಹಿಡಿದು ‘ಆ’ ಎಂದೆ.

“ಸೆರಗ ತಗೀರಿ ವೈನಿ. ಅಕ್ಷರ ಸೋಸಿ ಬರಾಕತ್ತಾವ.”

ಹೀಗೆ ಒಂದು ಮಧ್ಯಾಹ್ನ ಪೆಟ್ಟಿಗೆ “ಆ... ಊ...” ಎಂದು ನರಳಿತು. ಪಕ್ಕದ ಮನೆಯ ಮರಾಠಿ ಹೆಂಗಸೊಬ್ಬರು ಅಜವಾನದ, ಅಂದರೆ ಓಮದ ಕಾಳಿನ, ಡಬ್ಬಿ ಹಿಡಿದು ಓಡಿ ಬಂದು, ಯಾರಿಗೆ ಹೊಟ್ಟೆನೋವು ಎಂದು ಕೇಳಿದರು. ನಾನು ನಾಚಿ ಒಳಗೆ ಸೇರಿದೆ. ಇವನೋ ಸಂತೋಷದಿಂದ ಅಜವಾನ ಬಾಯಿಗೆ ಹಾಕಿಕೊಂಡ. ಮನುಷ್ಯರ ಧ್ವನಿ ಎಂದು ಒಬ್ಬರಿಗಾದರೂ ಅನ್ನಿಸಿತಲ್ಲ!

ಸುದ್ದಿ ಕಾಗಲದ ಒಬ್ಬ ಡಿಜೆ ಮಾಲೀಕನಿಗೆ ಮುಟ್ಟಿತು. ತನ್ನ ಮೂವರು ಕೆಲಸಗಾರರು ಬರಿ ಕಿವಿಯಿಂದ ಆ, ಊ, ಈ ಮೂರನ್ನೂ ಗುರುತಿಸಿದರೆ ಈ ವರ್ಷದ ಮೆರವಣಿಗೆಗಳಿಗೆಲ್ಲ ಇವನದೇ ಬೇಸ್ ಎಂದ. ಸಣ್ಣಜ್ಜನಿಗೆ ಊಟ ಸೇರದಾಯಿತು. ಇನ್ನೊಮ್ಮೆ ಯಾರಾದರೂ ಬಾಗಿಲಿಗೆ ಬಂದು ತನ್ನ ಕೈಕೆಲಸ ಬೇಕು ಎನ್ನಲಿ ಎಂಬ ಆಸೆ ಅವನಿಗೆ.

‘ಆ’ ಬಂತು, ‘ಊ’ ಬಂತು. ‘ಈ’ ಮಾತ್ರ ಜೀವ ತಿಂದಿತು. ಅದಕ್ಕೆ ನಾಲಿಗೆಯ ಗುಂಡಿ ಮೇಲೇರಿಸಬೇಕು. ಅವನು ಏರಿಸಿದ ರೀತಿಗೆ ತಾಟುಗಳು ಹಾಡಿದವು, ಬೆಕ್ಕು ಮನೆ ಬಿಟ್ಟಿತು, ನಾನು ಕಿವಿಗೆ ಅರಳೆ ತುರುಕಿಕೊಂಡೆ. ಅವನಿಗೆ ಮಾತ್ರ ಅದು ಇನ್ನೂ ‘ಊ’! ಸಾಕೋ ಎಂದು ಬೆನ್ನ ಹಿಂದೆ ನಿಂತು ಬೇಡಿಕೊಂಡರೆ ಮತ್ತಷ್ಟು ಏರಿಸಿದ. ನನಗೂ ಸಿಟ್ಟು ಬಂತು. ಮುಂದೆ ಹೋಗಿ ನಿಂತೆ.

“ಕಿವಿ ಕೇಳಸ್ತಾವೋ ಇಲ್ಲೋ ನಿನಗ?”

ಅವನು ನಕ್ಕ. ಆಮೇಲೆ ಯಂತ್ರ ನಿಲ್ಲಿಸಿದ.

“ಇಲ್ಲ ವೈನಿ. ಗುಂಯ್ ಅನ್ನೂದಷ್ಟ ಕೇಳಸ್ತೈತಿ. ಸಣ್ಣ ಧ್ವನಿ ಎಲ್ಲಾ ಮಗ್ಗ ತಿಂದು ಹಾಕ್ಯಾವ. ನಿಮ್ಮ ಮಾತ ನಾ ಬಾಯಿ ನೋಡೇ ತಿಳಕೊಂತೀನಿ.”

ಮಗ್ಗದ ಗದ್ದಲದಲ್ಲಿ ಎಲ್ಲರೂ ಹಾಗೇ ತುಟಿ ನೋಡಿ ಮಾತಾಡುತ್ತಾರೆ. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಅಡುಗೆಮನೆಯಿಂದ ಕೂಗಿದರೆ ಓಗೊಡುವುದಿಲ್ಲ ಎಂದು ನಾನು ಎಷ್ಟು ವರ್ಷ ಮುನಿಸಿಕೊಂಡಿದ್ದೆನೋ!

ಅಂದಿನಿಂದ ನಾಲಿಗೆಯ ಗುಂಡಿ ನನ್ನ ಕೈಗೆ ಬಂತು. ಅವನು ಬಾಯಿ ತಿರುಗಿಸುವುದು, ನಾನು ನಾಲಿಗೆ. ಕಿವಿ ಚುಚ್ಚದ ‘ಈ’ ಸಿಕ್ಕ ಕಡೆ ಕೈ ತೆಗೆಯುತ್ತಿದ್ದೆ. ಅವನು ಅಲ್ಲಿಗೆ ಗುರುತು ಹಾಕಿಕೊಳ್ಳುತ್ತಿದ್ದ.

ಕಾಗಲಕ್ಕೂ ನಾನು ಹೋಗಬೇಕಾಯಿತು. ತಗಡಿನ ಶೆಡ್ಡಿನ ತುಂಬ ಗಂಡಸರು. ಇವನ ಬೆರಳು ಕಾಣಬಾರದೆಂದು ಮೂವರನ್ನು ಗೋಡೆಯ ಕಡೆ ಮುಖ ಮಾಡಿಸಿ ಕೂರಿಸಿದ್ದರು. ‘ಆ’ ಬಾರಿಸಿದ. ಅವರು ಹೇಳಿದರು, ನಾನು ತಲೆಯಾಡಿಸಿದೆ. ‘ಊ’ಗೂ ಹಾಗೆಯೇ. ಮೂರನೆಯದಕ್ಕೆ ನೆಲ ನಡುಗಿತು. ಮೂವರೂ ಒಟ್ಟಿಗೆ ಸರಿಯಾಗಿಯೇ ಹೇಳಿದರು. ಅವರ ತುಟಿ ಇವನಿಗೆ ಕಾಣದು. ನನ್ನ ಕಡೆ ತಿರುಗಿದ ಅವನ ಮುಖ ನೋಡಿದರೆ ತಲೆಯಾಡಿಸಿದರೆ ಸಾಲದು ಅನ್ನಿಸಿತು. ‘ಈ’ ಎನ್ನಬೇಕಾದರೆ ಹಲ್ಲು ಬಿಡಲೇಬೇಕಲ್ಲ! ಅಷ್ಟು ಪರಗಂಡಸರ ನಡುವೆ ಇದ್ದ ಹಲ್ಲನ್ನೆಲ್ಲ ಬಿಟ್ಟು, ಸದ್ದಿಲ್ಲದೆ “ಈ” ಎಂದೆ.

ಅವನು ಸಿಂಥಿನಿಂದ ಕೈ ತೆಗೆದು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

ಇದನ್ನೆಲ್ಲ ಅವನು ನಿಮಗೆ ಹೇಳುವುದಿಲ್ಲ. ಕೇಳಿದರೆ ಏನಾದರೂ ನಗೆ ಮಾಡಿ ತೇಲಿಸುತ್ತಾನೆ. ಕೊಲ್ಲಾಪುರಕ್ಕೆ ನಿಮ್ಮ ಮನೆಗೆ ಬಂದಾಗ ಫೋನು ಬದಿಗಿಟ್ಟು, ಎದುರಿಗೆ ಕುಳಿತು, ಬೆಳಕಿಗೆ ಮುಖ ಕೊಟ್ಟು ಮಾತಾಡಿ ಮಕ್ಕಳೇ. ಮರೆತರೆ ಮತ್ತೆ ಓದಿಕೊಳ್ಳಲು ಈ ಹಾಳೆಗಳು ಬೇಕಾಗುತ್ತವೆ. ಜೋಪಾನವಾಗಿಡಿ, ಅವನ ಕೈಗೆ ಮಾತ್ರ ಸಿಗದ ಹಾಗೆ.