ಹತ್ತು ಪ್ಯಾಕೆಟ್ ಯೆನ್

ಈ ವರ್ಷ ಚಳಿಗಾಲಕ್ಕೆಂದು ಎಲೆಕೋಸನ್ನು ಉಪ್ಪಿನಲ್ಲಿ ಹುಳಿ ಬರಿಸುವ ದಿನ ಹೆಂಡತಿಯ ಬಾಯಿ, ಮೊಬೈಲಿನ ಅನುವಾದ, ಕೈಸನ್ನೆ ಯಾವುದರ ಹಂಗೂ ಇಲ್ಲದೆ ನನ್ನ ಸ್ವಂತ ಚೀನೀ ಭಾಷೆಯಲ್ಲೇ ಮನೆಗೆ ಉಪ್ಪು ತರಿಸುತ್ತೇನೆಂದು ಶಪಥ ಮಾಡಿದೆ! ಶೆನ್ಯಾಂಗಿನಲ್ಲಿ ಮನೆಯಳಿಯನಾಗಿ ಮೂರು ವರ್ಷ. ಅತ್ತೆಯ ಬಾಯಲ್ಲಿ ಒಂದೇ ಒಂದು ಸಲ "ಭೇಷ್" ಅನ್ನಿಸಿಕೊಂಡಿಲ್ಲ. ಉಪ್ಪಿನ ಋಣವನ್ನು ಉಪ್ಪಿನಿಂದಲೇ ತೀರಿಸೋಣವೆಂದುಕೊಂಡೆ.

"ಬೇಡ ಮಾರಾಯ, ನಾನೇ ಹೇಳ್ತೀನಿ," ಎಂದಳು ಹೆಂಡತಿ ಪೇಯ್‌ಲಿನ್.

"ಯಾಕೆ? ನನ್ನ ಚೀನೀ ಭಾಷೆಗೆ ಏನಾಗಿದೆ?"

"ಏನೂ ಆಗಿಲ್ಲ. ಮೂರು ವರ್ಷದಿಂದ ಏನೇನೂ ಆಗಿಲ್ಲ!"

ಬಾಲ್ಕನಿಯಲ್ಲಿ ಅತ್ತೆ ಎಂಬತ್ತು ಎಲೆಕೋಸು ತೊಳೆದಿಟ್ಟುಕೊಂಡು ದೊಡ್ಡ ಜಾಡಿಯ ಮುಂದೆ ಕೂತಿದ್ದರು. ಅರ್ಧ ಜಾಡಿ ತುಂಬುವಷ್ಟರಲ್ಲಿ ಉಪ್ಪು ಖಾಲಿ. ಪಕ್ಕದಲ್ಲಿ ಮಾವ ಸೂರ್ಯಕಾಂತಿ ಬೀಜ ಕಡಿಯುತ್ತಿದ್ದರು. ಡಾಕ್ಟರು ಗದರಿಸಿ ಸಿಗರೇಟು ಬಿಡಿಸಿ ನಲವತ್ತು ದಿನವಾಗಿತ್ತು, ಪಾಪ. ಅಂದಿನಿಂದ ಅವರ ಬಾಯಿಗೆ ಈ ಬೀಜವೇ ಗತಿ.

ಉಪ್ಪಿಗೆ ಇವರ ಭಾಷೆಯಲ್ಲಿ 'ಯೆನ್' ಅನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಕೆಳಗಿನ ಅಂಗಡಿಯ ಗುವಾನ್ ಅಕ್ಕನಿಗೆ ಫೋನು ಮಾಡಿದೆ. "ಅಕ್ಕಾ, ಹತ್ತು ಪ್ಯಾಕೆಟ್ ಯೆನ್ ಬೇಕಿತ್ತು."

"ಸಣ್ಣದ್ದಾ, ದಪ್ಪದ್ದಾ?"

ಪ್ರಶ್ನೆ ಅರ್ಥವಾಯಿತು! ನನಗೆ ಕುಣಿಯುವಷ್ಟು ಖುಷಿ. "ದಪ್ಪದ್ದೇ! ಸಣ್ಣದ್ದು ನಮ್ಮತ್ತೆಗೆ ಆಗೋದಿಲ್ಲ."

"ನಿಮ್ಮತ್ತೆಗಾ?!"

"ಹೂಂ ಮತ್ತೆ! ವರ್ಷಾ ವರ್ಷಾ ಚಳಿಗಾಲ ಬಂತು ಅಂದ್ರೆ ಅವರಿಗೆ ಬೇಕೇ ಬೇಕು. ಬೇಗ ತನ್ನಿ, ಕಾಯ್ತಾ ಕೂತಿದ್ದಾರೆ!"

ಹತ್ತೇ ನಿಮಿಷದಲ್ಲಿ ಗುವಾನ್ ಅಕ್ಕ ಏದುಸಿರು ಬಿಡುತ್ತಾ ಆರು ಮಹಡಿ ಹತ್ತಿ ಬಂದಳು. ಕೆಂಪು ಬಣ್ಣದ ಉದ್ದನೆಯ ಡಬ್ಬಿಯೊಂದನ್ನು ಸೆರಗಿಲ್ಲದ ಊರಿನಲ್ಲೂ ಸೆರಗಲ್ಲಿ ಮುಚ್ಚಿದವಳಂತೆ ಕೋಟಿನೊಳಗಿಂದ ತೆಗೆದು ಅತ್ತೆಯ ಮಡಿಲಿಗಿಟ್ಟಳು. "ದೊಡ್ಡಮ್ಮಾ, ನಾನು ಯಾರಿಗೂ ಹೇಳಲ್ಲ. ಆದ್ರೆ ಈ ವಯಸ್ಸಲ್ಲಿ ಇದೆಲ್ಲಾ ಬೇಕಾ? ಕೆಮ್ಮು ಬರುತ್ತೆ!"

ಡಬ್ಬಿಯಲ್ಲಿ ಹತ್ತು ಪ್ಯಾಕೆಟ್ ಸಿಗರೇಟು!

ಮಾವನ ಬಾಯಿಂದ ಬೀಜ ಉದುರಿತು. ಕಳೆದುಹೋದ ಮಗು ಸಿಕ್ಕಿದಂತೆ ಅವರು ಆ ಡಬ್ಬಿಯನ್ನು ನೋಡುತ್ತಿದ್ದರು. ಅತ್ತೆ ಅವರತ್ತ ತಿರುಗಿ, "ಓಹೋ! ಅಳಿಯನ ಕೈಲಿ ತರಿಸ್ಕೊಳ್ಳೋಷ್ಟು ಮುಂದುವರಿದ್ರಾ?" ಎಂದು ಗುಡುಗಿದರು.

"ಅಯ್ಯೋ, ನನಗೇನೂ ಗೊತ್ತಿಲ್ಲ ಕಣೇ!"

"ಅತ್ತೇ, ನಾನು ಕೇಳಿದ್ದು ಉಪ್ಪು!" ಎಂದೆ.

ಅತ್ತೆ ಖಾಲಿ ಉಪ್ಪಿನ ಪ್ಯಾಕೆಟ್ಟನ್ನು ನನ್ನ ಮೂಗಿನ ಮುಂದೆ ಹಿಡಿದರು. "ಇದೇನು?"

"ಯೆನ್."

"ಅದು ಸಿಗರೇಟು!" ಈಗ ಸಿಗರೇಟಿನ ಡಬ್ಬಿ ಹಿಡಿದರು. "ಇದು?"

ಹೆದರಿಕೆಗೆ ನನ್ನ ದನಿ ತಾನಾಗಿ ಮೇಲಕ್ಕೇರಿತು. "ಯೆ...ನ್?"

"ಈಗ ಹೇಳಿದ್ದು ಉಪ್ಪು!" ಎಂದು ಪೇಯ್‌ಲಿನ್ ಹೊಟ್ಟೆ ಹಿಡಿದುಕೊಂಡು ನಗುತ್ತಾ ನೆಲಕ್ಕೆ ಕುಸಿದಳು.

ರಾಗವನ್ನು ಮೇಲಕ್ಕೆಳೆದರೆ ಉಪ್ಪಂತೆ, ನೆಟ್ಟಗೆ ಬಿಟ್ಟರೆ ಸಿಗರೇಟಂತೆ! ಈ ಭಾಷೆ ಕಟ್ಟಿದ ಮಹಾನುಭಾವ ಕೈಗೆ ಸಿಕ್ಕರೆ ಎರಡನ್ನೂ ಅವನ ಬಾಯಿಗೇ ತುರುಕುತ್ತೇನೆ! ನನ್ನ ದಡ್ಡತನ ಸಾಬೀತಾಗಿ ಮಾವ ಬಚಾವಾದರು. ಡಬ್ಬಿ ವಾಪಸು ಹೋಯಿತು. ಉಪ್ಪು ಕೇಳಿ ಹೊಗೆ ಹಾಕಿಸಿಕೊಂಡ ಅಳಿಯ ಈ ಊರಿನಲ್ಲಿ ನಾನೊಬ್ಬನೇ ಇರಬೇಕು.

ಒಂದು ವಾರ ಕಳೆಯಿತು. ಅತ್ತೆ ಅಡುಗೆಮನೆಯಲ್ಲಿದ್ದಾಗ ಮಾವ ಅವರಿಗೆ ಕೇಳುವಂತೆ ಜೋರಾಗಿ, ರಾಗ ಎಳೆದು, "ಮಗಾ, ಒಂದು ಪ್ಯಾಕೆಟ್ ಉಪ್ಪು ತಗೊಂಡು ಬಾಪ್ಪಾ!" ಎಂದು ನನಗೆ ಕಣ್ಣು ಹೊಡೆದರು. ಕಣ್ಣಿಗೆ ಬೀಜದ ಸಿಪ್ಪೆ ಬಿದ್ದಿರಬೇಕೆಂದು ನಾನು ಕನಿಕರಪಟ್ಟೆ.

ಆರು ಮಹಡಿ ಇಳಿಯುವಷ್ಟೂ ಹೊತ್ತು ಅಭ್ಯಾಸ ಮಾಡಿದೆ. ಗದ್ದ ಮೇಲೆ, ಹುಬ್ಬು ಮೇಲೆ, ದನಿ ಮೇಲೆ! ಎದುರು ಬಂದ ಅಜ್ಜಿಯೊಬ್ಬಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಅಂಗಡಿಯಲ್ಲಿ "ಯೆ..." ಎಂದು ಬಾಯಿ ತೆರೆದಿದ್ದೆನಷ್ಟೇ, ಗುವಾನ್ ಅಕ್ಕ ಉಪ್ಪಿನ ಪ್ಯಾಕೆಟ್ ಕೈಗಿಟ್ಟಳು. ಗೆದ್ದೆ! ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಠೀವಿಯಲ್ಲಿ ಬಂದು ಅದನ್ನು ಮಾವನ ಕೈಗೆ ಒಪ್ಪಿಸಿದೆ.

ಮಾವ ಪ್ಯಾಕೆಟ್ ನೋಡಿದರು. ನನ್ನನ್ನು ನೋಡಿದರು. ಅಳುವುದೊಂದು ಬಾಕಿ.

"ಮೂರು ವರ್ಷ ಬಿಟ್ಟು ಇವತ್ತೇ ಕಲೀಬೇಕಿತ್ತೇನೋ ನಮ್ಮ ಭಾಷೆ?" ಎಂದು ಪಿಸುಗುಟ್ಟಿದರು.

"ಕಲಿತೆನಲ್ಲ ಮಾವ! ಬಾಯಿ ತೆಗೆದ ಕೂಡಲೇ ಕೊಟ್ಟಳು!" ಎಂದು ಎದೆಯುಬ್ಬಿಸಿದೆ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಏನು ಮಣ್ಣು ಕಲಿತಿದ್ದೀಯೋ! ನಮ್ಮಳಿಯ ಬಂದು ಏನು ಕೇಳಿದ್ರೂ ಉಪ್ಪೇ ಕೊಡಮ್ಮಾ ಅಂತ ಗುವಾನ್‌ಗೆ ಹೇಳಿಟ್ಟಿದ್ದೀನಿ!"

ಆ ಮಾತು ನಿಜ. ಮರುದಿನ ಸೋಪು ತರಲು ಹೋಗಿದ್ದೆ. ಉಪ್ಪು ತಂದೆ.